ಅಪ್ಪನ ಪದಕ, ಎರಡನೆಯ ಎಲೆ

ಪಿತೃಪಕ್ಷದಲ್ಲಿ ಕೆರಗೋಡಿನ ನಮ್ಮ ಮನೆಯಲ್ಲಿ ಸತ್ತವರಿಗೆ ಎಡೆ ಇಟ್ಟು, ಬಾಗಿಲು ಮುಚ್ಚಿ, ಎಲ್ಲರೂ ಜಗಲಿಗೆ ಬಂದು ಕೂರುತ್ತೇವೆ. ಹಿರಿಯರು ಬಂದು ಉಣ್ಣುವ ಹೊತ್ತು ಅದು, ಒಳಗೆ ಇಣುಕಬಾರದು.

ಅಪ್ಪ ಸೈನ್ಯದಿಂದ ನಿವೃತ್ತನಾಗಿ ಬಂದ ಮೇಲೆ ಹಿರಿಯರ ಎಡೆಯ ಎಡಕ್ಕೆ ಇನ್ನೊಂದು ಎಲೆ ಹಾಕತೊಡಗಿದ. ಗುಂಡೇಟು ತಿಂದ ಜೊತೆಗಾರನೊಬ್ಬನನ್ನು ಬೆನ್ನ ಮೇಲೆ ಹೊತ್ತು ತಂದದ್ದಕ್ಕೆ ಅಪ್ಪನಿಗೆ ಶೌರ್ಯ ಪದಕ ಸಿಕ್ಕಿತ್ತು. ಕೆಳಗಿಳಿಸಿ ನೋಡುವಷ್ಟರಲ್ಲಿ ಜೊತೆಗಾರ ಸತ್ತಿದ್ದನಂತೆ. ಆ ಎಲೆ ಅವನಿಗೆ. ಊರಿಗೆ ಬಂದ ಮೇಲೆ ಅಪ್ಪ ಪದಕವನ್ನು ಒಂದು ದಿನವೂ ಎದೆಗೆ ಹಾಕಲಿಲ್ಲ.

"ಅದು ಅವುಂದು ಕಣ್ಲಾ. ಅವ್ನಿಗೆ ಎಡೆ ಇಡೋರು ಯಾರೂ ಇಲ್ಲ," ಅನ್ನುತ್ತಿದ್ದ.

ನನಗೆ ಮೈಯೆಲ್ಲ ಉರಿಯುತ್ತಿತ್ತು. ಜೀವದ ಹಂಗು ತೊರೆದವನು ನಮ್ಮಪ್ಪ, ಮರ್ಯಾದೆ ಇನ್ಯಾರಿಗೋ!

ಅಪ್ಪ ತೀರಿಕೊಂಡ ವರ್ಷ ಎಡೆ ಇಡುವುದು ನನ್ನ ಪಾಲಿಗೆ ಬಂತು. ಹೊಸ ಬಿಳಿ ಅಂಗಿ ತಂದು, ಅದರ ಎದೆಗೆ ಪದಕವನ್ನು ಪಿನ್ನು ಹಾಕಿ ಸಿಕ್ಕಿಸಿ, ಎಲೆಯ ಮುಂದೆ ಇಟ್ಟೆ. ಹಬ್ಬ ಕಳೆದ ಮೇಲೆ ಮಂಡ್ಯಕ್ಕೆ ಒಯ್ದು ಗಾಜಿನ ಕಟ್ಟು ಹಾಕಿಸಿ, ಬಂದವರ ಕಣ್ಣಿಗೆ ಬೀಳುವಂತೆ ತೂಗುಹಾಕಬೇಕೆಂದಿದ್ದೆ.

"ಇನ್ನೊಂದೆಲೆ ಆಕ್ಲಾ," ಎಂದಳು ಅವ್ವ.

"ಈ ಸಲ ಅಪ್ಪಂಗೆ ಮಾತ್ರ. ಸುಮ್ಕಿರವ್ವ."

ಬಾಗಿಲು ಮುಚ್ಚಿ ಜಗಲಿಯಲ್ಲಿ ಕೂತೆವು. ಇನ್ನೂ ಬಿಸಿಲಿತ್ತು. ಸ್ವಲ್ಪ ಹೊತ್ತಿಗೆ ಒಳಗೆ ಠಣ್ ಎಂದು ಸದ್ದಾಯಿತು. ಬೆಕ್ಕಿರಬೇಕು ಎಂದೆ. ಅವ್ವ ತನ್ನ ಕಾಲ ಬಳಿ ಮಲಗಿದ್ದ ಬೆಕ್ಕನ್ನು ತೋರಿಸಿದಳು.

ಬಾಗಿಲು ತಟ್ಟಿ ಒಳಗೆ ಹೋದೆವು. ಅಂಗಿಯ ಮಡಿಕೆ ಕದಲಿರಲಿಲ್ಲ. ಪಿನ್ನು ಹಾಕಿದ್ದ ಹಾಗೇ ಇತ್ತು. ಪದಕ ಮಾತ್ರ ಎಡಗಡೆ ಬರಿನೆಲದ ಮೇಲೆ, ಅಪ್ಪ ಪ್ರತಿ ವರ್ಷ ಆ ಎಲೆ ಹಾಕುತ್ತಿದ್ದ ಜಾಗದಲ್ಲಿ ಬಿದ್ದಿತ್ತು. ಎತ್ತಿಕೊಂಡೆ. ಯಾರೋ ಅಲ್ಲಿಯತನಕ ಮುಷ್ಟಿಯಲ್ಲಿ ಹಿಡಿದಿದ್ದಂತೆ ಬೆಚ್ಚಗಿತ್ತು.

"ಅವುನ್ ಬುಟ್ಟು ನಿಮ್ಮಪ್ಪ ಒಬ್ನೇ ಉಂಡಾನಾ?" ಎಂದಳು ಅವ್ವ.

ನನಗೆ ಹೆದರಿಕೆಗಿಂತ ನಾಚಿಕೆಯೇ ಹೆಚ್ಚಾಗಿತ್ತು. ನನ್ನ ಹಟಕ್ಕೆ ಅಪ್ಪನನ್ನು ಎಲೆಯ ಮುಂದೆ ಹಸಿದು ಕೂರಿಸಿದ್ದೆ. ಹಿತ್ತಲಿಂದ ಬಾಳೆ ಎಲೆ ಕೊಯ್ದು ತಂದು, ಅದೇ ಜಾಗದಲ್ಲಿ ಹಾಕಿ, ಮುದ್ದೆ, ಸಾರು, ವಡೆ ಬಡಿಸಿ, ಪಕ್ಕದಲ್ಲಿ ಪದಕ ಇಟ್ಟೆ. ಕರೆಯೋಣವೆಂದರೆ, ಇಷ್ಟು ವರ್ಷದಲ್ಲಿ ಅವನ ಹೆಸರನ್ನು ನಾನು ಕೇಳಿಯೇ ಇರಲಿಲ್ಲ.

"ಚಿಕ್ಕಪ್ಪಾ, ಉಣ್ಣು ಬಾ," ಎಂದು ಮತ್ತೆ ಬಾಗಿಲು ಮುಚ್ಚಿದೆ.