ಅಡೆಲ್ಮೊ ಒರೆಸಿದ ನೀಲಿ

ನಮ್ಮ ಯಜಮಾನರು ಅಡೆಲ್ಮೊ ಊರ ಚರ್ಚಿನಲ್ಲಿ ಗಂಟೆ ಹೊಡೆಯುತ್ತಿದ್ದರು, ಕಸ ಗುಡಿಸುತ್ತಿದ್ದರು. ಜೀವ ಮಾತ್ರ ಚರ್ಚಿನೊಳಗೇ ಬಲಗಡೆಯ ಪುಟ್ಟ ಪ್ರಾರ್ಥನೆಯ ಕೋಣೆ, ಚಾಪೆಲಿನಲ್ಲಿ. ಮೊಂತಾಲ್ದಿ ಮನೆತನದವರು ತಮ್ಮ ಸತ್ತವರಿಗೆಂದು ಕಟ್ಟಿಸಿದ್ದು. ಚೂಪು ಕಮಾನು, ಮೂರು ಗೋಡೆಗೂ ಚಿತ್ರ. ವರ್ಷಕ್ಕೊಮ್ಮೆ, ಸತ್ತವರ ಹಬ್ಬಕ್ಕೆ ಮುಂಚೆ, ಮೇಣದಬತ್ತಿಯ ಮಸಿಯನ್ನು ಇವರೇ ತೆಗೆಯಬೇಕು. ಬ್ರೆಡ್ಡಿನ ಮೆತ್ತನೆ ತಿರುಳಿನಿಂದಲೇ ಉಜ್ಜಬೇಕು, ನೀರು ಸೋಕಿಸಬಾರದು. ಉಳಿದ ಬಣ್ಣ ಹಸಿ ಗಾರೆಯೊಳಗೆ ಇಳಿದಿರುತ್ತದೆ, ನೀಲಿ ಮಾತ್ರ ಒಣಗಿದ ಮೇಲೆ ಹಚ್ಚಿದ್ದು, ನೀರು ತಾಗಿದರೆ ಎದ್ದುಬರುತ್ತದೆ.

ಯುದ್ಧದ ವರ್ಷ ಊರಲ್ಲಿ ಹಿಟ್ಟಿಲ್ಲ. ಪಾದ್ರಿಗಳು ಗೋಡೆಗೆಂದೇ ಎಲ್ಲಿಂದಲೋ ಒಂದು ಬ್ರೆಡ್ಡು ತರಿಸಿಕೊಟ್ಟರು. ನಮ್ಮ ಇಸೋಲಿನಾಗೆ ಐದು ವರ್ಷ, ಹದಿನೈದು ದಿನದ ಜ್ವರ ಆಗಷ್ಟೇ ಬಿಟ್ಟಿತ್ತು. ಮೂಳೆ ಎಣಿಸಬಹುದಿತ್ತು.

"ರೀ, ಗೋಡೆಗೇನ್ ಹಸಿವಾ? ಕೊಡಿ ಇಲ್ಲಿ," ಅಂದೆ.

"ಚಿತ್ರಕ್ಕೇನೇ ಮಾಡ್ಲಿ, ದೀರ್ಚೆ?" ಅಂತ ನನ್ನ ಹೆಸರು ಹಿಡಿದು ಕೇಳಿದರು.

"ಒದ್ದೆ ಬಟ್ಟೆ ಹಿಂಡಿ ಒಂಚೂರು ಒರೆಸಿ. ಯಾರ್ ನೋಡ್ತಾರೆ?"

ಬ್ರೆಡ್ಡನ್ನು ಸಾರಿನಲ್ಲಿ ನೆನೆಸಿ ಮಗುವಿಗೆ ಮೂರು ದಿನ ತಿನ್ನಿಸಿದೆ. ಇವರು ಸಂಜೆ ಮನೆಗೆ ಬಂದು ಒರೆಸಿದ ಬಟ್ಟೆಯನ್ನು ಮೇಜಿನ ಮೇಲಿಟ್ಟರು. ನೀಲಿಯೋ ನೀಲಿ. ಗೋಡೆಯ ಮೇಲಿನ ಮಾತೆ ಮರಿಯಳ ಸೆರಗೆಲ್ಲ ಅದರಲ್ಲಿತ್ತು.

ಹಬ್ಬದ ದಿನ ಮೊಂತಾಲ್ದಿ ಮನೆತನದ ಕೊನೆಯ ಹೆಂಗಸು ಒತ್ತಾವಿಯಾ ಅಮ್ಮಾವ್ರು ಬೂದಿಬಣ್ಣದ ಸೆರಗು ನೋಡಿ ಇವರನ್ನು ಕರೆಸಿದರು.

"ನಿಮ್ಮಜ್ಜನ ಕಾಲದಿಂದ ನಂಬಿದ್ವಲ್ಲೋ! ನೀರು ಹಾಕಿದ್ಯಾಕೋ?"

"ಸೋಮಾರಿತನ, ಅಮ್ಮಾವ್ರೇ," ಅಂದರು ಇವರು.

ಅಮ್ಮಾವ್ರು ಚಾಪೆಲಿನ ಬೀಗದಕೈ ಅಲ್ಲೇ ಕಿತ್ತುಕೊಂಡರು. ಸಾಯುವವರೆಗೆ ಇವರು ಚಾಪೆಲಿನ ಹೊಸಿಲು ದಾಟಲಿಲ್ಲ. ಗಂಟೆ ಹೊಡೆದು ಬಂದು ಅದರ ಬಾಗಿಲ ಕಬ್ಬಿಣದ ಸರಳಿನಾಚೆ ನಿಂತು ನೋಡುತ್ತಿದ್ದರು.

ಹೋಗಿ ನಿಜ ಹೇಳುತ್ತೇನೆ ಅಂತ ಎರಡು ಸಲ ಶಾಲು ಹೊದ್ದೆ. ಎರಡು ಸಲವೂ ತಡೆದರು. "ಬಾಯ್ಮುಚ್ಕೊಂಡಿರು. ಮರಿಯಮ್ಮನ ಸೆರಗು ತಿಂದೋಳು ಅಂತ ಊರು ಆ ಮಗೂನ ಸಾಯೋತನಕ ಆಡ್ಕೊಳ್ಳತ್ತೆ."

ಮಗು ಬದುಕಿತು, ಬೆಳೆಯಿತು, ಮದುವೆಯಾಯಿತು. ತನ್ನ ಮಕ್ಕಳನ್ನು ಸರಳಿನ ಹತ್ತಿರ ಕರೆದುಕೊಂಡು ಹೋಗಿ ನಗುತ್ತಿದ್ದಳು: "ನೋಡ್ರೋ ನಿಮ್ಮ ತಾತನ ಘನಕಾರ್ಯ! ಆರ್ನೂರು ವರ್ಷದ್ದನ್ನ ಒಂದೇ ದಿನದಲ್ಲಿ ತೊಳೆದಿಟ್ರು."

"ಹೂಂ ಕಣಮ್ಮ, ನಿಮ್ಮಪ್ಪ ಶುದ್ಧ ದಡ್ಡ," ಅನ್ನುತ್ತಿದ್ದರು ಇವರು, ಅವಳಿಗಿಂತ ಜೋರಾಗಿ ನಕ್ಕು. ನಾನು ಪಕ್ಕದಲ್ಲೇ ನಿಂತಿರುತ್ತಿದ್ದೆ.

ಅವರು ಹೋಗಿ ಒಂಬತ್ತು ವರ್ಷವಾಯಿತು. ಆಡಿಕೊಳ್ಳುವ ಆ ಕಾಲದ ಜನರೂ ಹೋದರು. ಇಸೋಲಿನಾ, ಬ್ರೆಡ್ಡು ನಿನಗೆ ತಿನ್ನಿಸಿ ಗೋಡೆಗೆ ನೀರು ಹಾಕಿ ಅಂದವಳು ನಾನು, ನಿನ್ನ ತಾಯಿ. ನಿಮ್ಮಪ್ಪ ದಡ್ಡರಾಗಿರಲಿಲ್ಲ.