ಡಾಕ್ಟರ್ ಗ್ರೇಸ್ ಫ್ರೀ ಇದ್ದರು

“ಡಾಕ್ಟರ್ ಗ್ರೇಸ್ ಈಗಲೇ ನೋಡ್ತಾರೆ. ಡಾಕ್ಟರ್ ಲಿಮ್ ಬೇಕಂದ್ರೆ ಒಂದು ಗಂಟೆ ಆಗುತ್ತೆ,” ಅಂದಳು ರಿಸೆಪ್ಷನಿಸ್ಟ್.

“ಪರವಾಗಿಲ್ಲ, ಲಿಮ್ ಅವರಿಗೇ ಕಾಯ್ತೀವಿ,” ಅಂದೆ.

ಕಳೆದ ತಿಂಗಳ ಒಂದು ಶನಿವಾರ, ಸಿಂಗಪುರದ ಪಾಯಾ ಲೆಬಾರ್ ಹತ್ತಿರದ ಪ್ರಾಣಿಗಳ ಕ್ಲಿನಿಕ್. ನಮ್ಮ ನಾಯಿ ರಾಗಿ ಎರಡು ದಿನದಿಂದ ಮೊಸರನ್ನ ಮೂಸಿಯೂ ನೋಡಿರಲಿಲ್ಲ. ಆದರೂ ಕಾಯುತ್ತೇನೆ ಅಂದೆ. ಯಾಕೆ? ಗಾಜಿನ ಬಾಗಿಲಾಚೆ ಡಾಕ್ಟರ್ ಗ್ರೇಸ್ ಕಂಡಿದ್ದರು. ಎತ್ತರದ, ಕಪ್ಪು ಬಣ್ಣದ ಆಫ್ರಿಕನ್ ಹೆಂಗಸು. (ಬೇರೆ ಕಾರಣ ಇತ್ತು ಅಂತ ಬರೆಯಬಹುದಿತ್ತು. ಇರಲಿಲ್ಲ.)

“ಯಾಕಮ್ಮ? ಅವರು ಫ್ರೀ ಇದ್ದಾರಲ್ಲ, ಲಾ,” ಅಂದಳು ಹನ್ನೆರಡರ ಮಗಳು ಮಾನ್ಯ, ಇಲ್ಲಿಯವರ ಥರವೇ ಕೊನೆಗೊಂದು ‘ಲಾ’ ಸೇರಿಸಿ. “ಇಂಡಿಯನ್ಸ್‌ಗೆ ಮನೆ ಕೊಡಲ್ಲ” ಅಂದ ಓನರ್ ಮೇಲೆ ಇದೇ ಅಂಕಣದಲ್ಲಿ ಕೆಂಡ ಕಾರಿದ್ದವಳು ನಾನು. ಫೋನ್ ನೋಡುತ್ತಾ ಕೂತೆ.

ಇಪ್ಪತ್ತು ನಿಮಿಷ ಆಗಿರಬೇಕು. ಎದ್ದು ನಿಲ್ಲಲು ಹೋದ ರಾಗಿ ಕುಸಿದು ಬಿತ್ತು. ಮಾನ್ಯ ಕಿರುಚಿದಳು.

ಓಡಿ ಬಂದವರು ಡಾಕ್ಟರ್ ಗ್ರೇಸ್. ನೆಲದ ಮೇಲೇ ಮಂಡಿಯೂರಿ, ರಾಗಿಯ ತುಟಿ ಎತ್ತಿ ನೋಡಿದರು. ಒಸಡು ಸುಣ್ಣದಷ್ಟು ಬಿಳಿ.

“ಮೂತ್ರ ಯಾವ ಬಣ್ಣ?”

“ಕಾಫಿ ಡಿಕಾಕ್ಷನ್ ಥರ.”

“ಉಣ್ಣೆ ಹುಳ ಕಚ್ಚಿ ಬರೋ ಜ್ವರ ಇರಬೇಕು. ರಕ್ತ ಕೊಡಬೇಕಾಗುತ್ತೆ. ಈಗಲೇ.”

ಮೈಕ್ರೋಸ್ಕೋಪಿನಲ್ಲಿ ನೋಡಿದಾಗ ಅದೇ ನಿಜವಾಯಿತು. ಅಷ್ಟರಲ್ಲಿ ಡಾಕ್ಟರ್ ಲಿಮ್ ಹೊರಗೆ ಬಂದರು. “ನೀವೂ ಒಂದ್ಸಲ ನೋಡಿ ಡಾಕ್ಟರ್,” ಅಂದೆ, ಆಗಲೂ. “ಗ್ರೇಸ್ ನೋಡ್ತಿದ್ದಾರಲ್ಲ? ಈ ಜ್ವರ ಕಂಡುಹಿಡಿಯೋದನ್ನ ನನಗೆ ಕಲಿಸಿದ್ದೇ ಅವರು,” ಅಂದುಬಿಟ್ಟರು.

ಐದು ದಿನ ರಾಗಿ ಅಲ್ಲೇ ಇತ್ತು. ದಿನಾ ಸಂಜೆ ಹೋಗುತ್ತಿದ್ದೆವು. ಕೀನ್ಯಾದ ಹಳ್ಳಿಯೊಂದರಲ್ಲಿ ಡಾಕ್ಟರ್ ಗ್ರೇಸ್ ಅವರ ಅಮ್ಮ ಬೆಳಗ್ಗೆ ಹಾಲು ಕರೆಯುವ ಮೊದಲು ಪ್ರತಿ ಹಸುವಿನ ಒಸಡು ನೋಡುತ್ತಿದ್ದರಂತೆ. ಬಿಳಚಿಕೊಂಡಿದ್ದರೆ ಉಣ್ಣೆ ಹುಡುಕುತ್ತಿದ್ದರಂತೆ. “ಕಾಲೇಜಲ್ಲಿ ರೋಗದ ಹೆಸರು ಕಲಿತೆ. ರೋಗ ನೋಡೋದು ಅಮ್ಮನಿಂದ,” ಅಂದರು. ಇಲ್ಲಿ ಹೊಸದಾಗಿ ಸೇರುವ ಡಾಕ್ಟರುಗಳಿಗೂ ಮೊದಲ ದಿನ ಅದನ್ನೇ ಹೇಳಿಕೊಡುತ್ತಾರಂತೆ.

ಡಿಸ್ಚಾರ್ಜ್ ದಿನ ತಡೆಯಲಾಗಲಿಲ್ಲ. “ಅವತ್ತು ನೀವು ಬೇಡ ಅಂತಲೇ ಕಾಯ್ತಾ ಕೂತಿದ್ದೆ. ಸಾರಿ,” ಅಂದೆ.

“ಗೊತ್ತು. ರಿಸೆಪ್ಷನ್ ಮಾತು ನನ್ನ ರೂಮಿಗೆ ಕೇಳಿಸುತ್ತೆ.”

“ಬೇಜಾರಾಗಲಿಲ್ವಾ?”

“ನನಗೆ ಅಭ್ಯಾಸ ಆಗಿದೆ.” ರಾಗಿಯ ಬೆನ್ನು ಸವರಿದರು. “ಆದರೆ ಇದಕ್ಕೆ ಅಷ್ಟು ಟೈಮ್ ಇರಲಿಲ್ಲ.”

ನಾವು ಮುಖ ನೋಡಿ ಡಾಕ್ಟರನ್ನು ಆರಿಸುತ್ತಾ ಕೂತರೆ, ಖರ್ಚಾಗುವುದು ಯಾರ ಆಯುಸ್ಸು?