ಟೇಬೆರಿಯ ಚಿಗುರೂ ಒಂದು ಹೆಬ್ಬೆರಳೂ

ಹೇಳಿದರೆ ನಗುತ್ತೀರಿ, ನನಗೆ ನಮ್ಮನೆಯವರ ಹೆಬ್ಬೆರಳು ಕಂಡರೆ ಭಯ. ಕಾಫಿ ಬೆಳೆಯುವವರ ಹೆಬ್ಬೆರಳು ಅದು. ಗಿಡದಿಂದ ನೆಟ್ಟಗೆ ಏಳುವ ಕಂಬಚಿಗುರು ಸತ್ವವನ್ನೆಲ್ಲ ಹೀರುತ್ತದೆಂದು, ಕಂಡಲ್ಲೇ ‘ಟಪ್’ ಅಂತ ಮುರಿಯುವುದು ನಮ್ಮ ಮೂಡಿಗೆರೆ ಕಡೆಯ ಅಭ್ಯಾಸ. ಇವರಂತೂ ನೆಂಟರ ಮನೆಗೆ ಹೋದರೂ ಮಾತಾಡುತ್ತಾ ಮಾತಾಡುತ್ತಾ ಅವರ ದಾಸವಾಳದ ಚಿಗುರು ಮುರಿದು ಬರುವವರು.

ಇಂಥ ಮನೆಗೆ ಆಲ್ದೂರಿನ ನನ್ನ ನಾದಿನಿ ಟೇಬೆರಿ ಗಿಡ ತಂದುಕೊಟ್ಟಳು. ಬ್ಲ್ಯಾಕ್‌ಬೆರಿಗೂ ರಾಸ್‌ಬೆರಿಗೂ ಹುಟ್ಟಿದ ಹೈಬ್ರಿಡ್ ಕೂಸು. ಅದರ ರೀತಿಯೇ ಬೇರೆ. ಈ ವರ್ಷ ಬುಡದಿಂದ ಎದ್ದ ಬಳ್ಳಿ ಬರುವ ವರ್ಷ ಹಣ್ಣು ಬಿಡುತ್ತದೆ, ಬಿಟ್ಟು ಒಣಗುತ್ತದೆ. ಕಾಫಿಯಲ್ಲಿ ಕಳ್ಳನಾದವನು ಇಲ್ಲಿ ವಾರಸುದಾರ! ಈ ಸಲ ಒಂದು ಬಟ್ಟಲು ಹಣ್ಣು ಬಂತು. ಹಳೆ ಬಳ್ಳಿ ಒಣಗತೊಡಗಿತು. ಬುಡದಲ್ಲಿ ಎದ್ದದ್ದು ಗೇಣುದ್ದದ ಒಂದೇ ಒಂದು ಚಿಗುರು. ಅದು ಹೋದರೆ ಬರುವ ವರ್ಷ ಹಣ್ಣಿಲ್ಲ.

ಚಿಗುರಿಗೆ ಕೆಂಪು ಬಟ್ಟೆ ಕಟ್ಟಿದೆ. “ಇದನ್ನ ಮುಟ್ಟಿದ್ರೆ ನೋಡಿ ಮತ್ತೆ” ಅಂದೆ.

“ಅಯ್ಯೋ, ನಂಗೇನು ಬೇರೆ ಕೆಲ್ಸ ಇಲ್ವಾ ಮಾರಾಯ್ತಿ?” ಅಂದರು. ಅಷ್ಟು ಹೊತ್ತಿಗೆ ಅವರ ಹೆಬ್ಬೆರಳು ಪಕ್ಕದ ಗುಲಾಬಿಯನ್ನು ತಡವುತ್ತಿತ್ತು.

ಮೊನ್ನೆ ಹಲ್ಲು ತೋರಿಸಲು ಚಿಕ್ಕಮಗಳೂರಿಗೆ ಹೋಗಿದ್ದೆ. ಬಾಯಿ ತೆರೆದು ಕೂತರೂ ತಲೆಯಲ್ಲಿ ಚಿಗುರೇ. ಹೊರಗೆ ಬಂದು ಫೋನ್ ಮಾಡಿದರೆ “ಹಿತ್ತಲಲ್ಲಿದೀನಿ” ಅಂದರು. ಅಲ್ಲೇನು ಕೆಲಸ ಅಂತ ಕೇಳುವಷ್ಟರಲ್ಲಿ ಲೈನ್ ಕಟ್ಟಾಯಿತು. ಸಿಕ್ಕಿದ ಬಸ್ಸು ಹತ್ತಿದೆ. ಬಸ್ಸು ನಿಂತಲ್ಲೆಲ್ಲ ಡ್ರೈವರನ್ನು ಮನಸ್ಸಿನಲ್ಲೇ ಬೈದೆ.

ಮನೆಗೆ ಬಂದವಳು ಚೀಲ ಹಿಡಿದೇ ಹಿತ್ತಲಿಗೆ ಓಡಿದೆ. ಚಿಗುರು ಇತ್ತು! ಕೋಳಿ ಕೆದಕದಂತೆ ಇವರು ಅದರ ಸುತ್ತ ಕೋಲು ನೆಡುತ್ತಿದ್ದರು. ಪಾಪ, ಸುಮ್ಮನೆ ಅನುಮಾನಪಟ್ಟೆನಲ್ಲ ಅನ್ನಿಸಿತು. ಅಲ್ಲೇ ಕುಕ್ಕರಗಾಲಲ್ಲಿ ಕೂತು ಹಲ್ಲಿನ ಕಥೆ ಶುರುಮಾಡಿದೆ. ಕಥೆ ಅರ್ಧಕ್ಕೆ ಬಂದಿರಬೇಕು, ‘ಟಪ್’ ಅಂತು.

ಇವರು ಎರಡೂ ಕೈ ಮೇಲೆತ್ತಿದರು. “ನಾನಲ್ಲ ಮಾರಾಯ್ತಿ!”

ಚಿಗುರು ಕೆಂಪು ಬಟ್ಟೆ ಸಮೇತ ನನ್ನ ಕೈಯಲ್ಲಿತ್ತು. ಇಷ್ಟು ವರ್ಷ ತೋಟದಲ್ಲಿ ಇವರ ಪಕ್ಕದ ಸಾಲು ಹಿಡಿದು ಚಿಗುರು ತೆಗೆದವಳು ನಾನೇ ತಾನೆ! ನಿಜಕ್ಕೂ ಅಳು ಬಂತು. ಇವರು ಚಿಗುರನ್ನು ನನ್ನ ಕೈಯಿಂದ ತೆಗೆದುಕೊಂಡರು. ಬಟ್ಟೆ ಬಿಚ್ಚಿ ನನ್ನ ಹೆಬ್ಬೆರಳಿಗೆ ಕಟ್ಟಿದರು.

ಬೇರು ಬದುಕಿದೆ, ಇನ್ನೊಂದು ಎದ್ದರೂ ಏಳಬಹುದು ಅನ್ನುತ್ತಾಳೆ ನಾದಿನಿ. ದಿನಾ ಬೆಳಿಗ್ಗೆ ಹೋಗಿ ಬುಡ ನೋಡುತ್ತೇನೆ, ಕೈ ಹಿಂದಕ್ಕೆ ಕಟ್ಟಿಕೊಂಡು.